ಐವರಲ್ಲಿ ಒಬ್ಬರು

ದೇಯಿ ಗಂಡನ ಗಡ್ಡಕ್ಕೆ ಇಳಿದ ನೀರನ್ನು ಸೆರಗಿನಿಂದ ಒರೆಸುತ್ತಿದ್ದಳು. ದೇರೆಬೈಲಿನ ನೆರೆಯವರು ಒಬ್ಬೊಬ್ಬರಾಗಿ ಬಂದು, ತುಳಸಿದಳ ಅದ್ದಿದ ನೀರನ್ನು ನೋಣಯ್ಯನ ಬಾಯಿಗೆ ಬಿಟ್ಟು ಹೋಗುತ್ತಿದ್ದರು. ಜೈಲು ಕಂಡು ಬಂದವನೆಂದು ಇಷ್ಟು ದಿನ ಅವನ ಮನೆಯ ಮೆಟ್ಟಿಲು ಹತ್ತದೆ ಉಳಿದವರೂ ಅವರಲ್ಲಿ ಇದ್ದರು. ಅವರನ್ನು ಒಳಗೆ ಬರಮಾಡಿಕೊಳ್ಳಲು ಪಾಪ, ಅವನು ಸಾಯಬೇಕಾಯಿತು.

ಗಂಡನ ತಮ್ಮ ಬೂಬ ಅಂಗಳದಿಂದ ಓಡಿಬಂದ.

"ಅತ್ತಿಗೆ, ಧಣಿಗಳು ಬಂದಿದ್ದಾರೆ. ನೀರು ಬಿಡ್ತಾರಂತೆ."

"ಅವರು ಬೇಡ."

"ಎಂತದ್ದು ಮಾರಾಯ್ರೆ ನಿಮ್ಮದು! ಈ ಮನೆಯ ಅಡಿಯ ಮಣ್ಣು ಅವರದ್ದು. ನಾಳೆ ಎದ್ದು ಹೋಗಿ ಅಂದ್ರೆ ಕಿನ್ನಿಯನ್ನು ಕಟ್ಟಿಕೊಂಡು ಎಲ್ಲಿಗೆ ಹೋಗ್ತೀರಿ?"

ದೇಯಿ ಮೂಲೆಯಲ್ಲಿ ಕೂತಿದ್ದ ಮಗಳನ್ನು ನೋಡಿದಳು.

*

ಕಿನ್ನಿ ಇನ್ನೂ ತೊಟ್ಟಿಲಲ್ಲಿದ್ದಾಗ, ಬಿಜೈಯಲ್ಲಿ ಇದೇ ಮೋಹನದಾಸ ಧಣಿಗಳ ಭಾವನ ಮನೆಗೆ ಕನ್ನ ಬಿತ್ತು. ಕಳವಿನ ಆರೋಪ ನೋಣಯ್ಯನ ಮೇಲೆ ಬಂತು. ಆ ರಾತ್ರಿಯಿಡೀ ನೋಣಯ್ಯ ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡು ಜಗಲಿಯಲ್ಲೇ ತಿರುಗಾಡಿದ್ದ. ಕಂಡವಳು ದೇಯಿ ಒಬ್ಬಳೇ. ಹೆಂಡತಿಯ ಸಾಕ್ಷಿಯನ್ನು ಯಾರು ಕೇಳುತ್ತಾರೆ?

ಸೆಷನ್ಸ್ ಕೋರ್ಟಿನಲ್ಲಿ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳಲು ಊರವರಲ್ಲೇ ಐವರನ್ನು ಜ್ಯೂರಿಗಳಾಗಿ ಕೂರಿಸಿದರು. ಐವರಲ್ಲಿ ಒಬ್ಬರು ಧಣಿಗಳೇ! ವಕೀಲರನ್ನು ಹಿಡಿಯುವ ತಾಕತ್ತು ನೋಣಯ್ಯನಿಗಿರಲಿಲ್ಲ.

"ಇವರಲ್ಲಿ ಯಾರಾದರೂ ಬೇಡ ಅನ್ನುವ ಹಕ್ಕು ನಿನಗೆ ಉಂಟು. ಹೇಳು," ಎಂದ ಗುಮಾಸ್ತ.

ಬಾಗಿಲ ಬಳಿ ನಿಂತಿದ್ದ ದೇಯಿ ಹೇಳು, ಹೇಳು ಎಂದು ಕಣ್ಣಲ್ಲೇ ಬೇಡಿಕೊಂಡಳು. ನೋಣಯ್ಯ ಹೆಗಲ ಬೈರಾಸು ಬಟ್ಟೆಯನ್ನು ಕಂಕುಳಿಗೆ ಇಳಿಸಿ ಕೈಮುಗಿದ.

"ಧಣಿಗಳನ್ನು ಎದುರಿಗೇ ಬೇಡ ಅನ್ನುವುದುಂಟಾ ಸ್ವಾಮಿ? ಅವರ ಅನ್ನ ತಿಂದವ ನಾನು."

ಮೂವರು ತಪ್ಪಿತಸ್ಥ ಅಂದರು, ಇಬ್ಬರು ಅಲ್ಲ ಅಂದರು. ಆ ಮೂವರಲ್ಲಿ ತಾನೂ ಒಬ್ಬ, ನ್ಯಾಯದ ಮುಂದೆ ತನ್ನ ಒಕ್ಕಲೆಂಬ ದಾಕ್ಷಿಣ್ಯ ಇಲ್ಲ ಎಂದು ಧಣಿಗಳು ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗಿದರು. ಒಂದು ಮಾತು ಆಡಿದ್ದರೆ ಉಳಿಯುತ್ತಿದ್ದ ಗಂಡ ಜೈಲಿಗೆ ಹೋಗಿ, ಕೆಮ್ಮು ಹೊತ್ತು ಬಂದ. ಧಣಿಗಳ ಮೇಲಿನಷ್ಟೇ ಸಿಟ್ಟು ದೇಯಿಗೆ ಗಂಡ ತೋರಿದ ಮರ್ಯಾದೆಯ ಮೇಲೂ ಇತ್ತು.

*

ಧಣಿಗಳು ಒಳಗೆ ಬಂದರು. ಜನ ಎದ್ದು ದಾರಿ ಬಿಟ್ಟರು.

"ಒಳ್ಳೆಯ ಒಕ್ಕಲು," ಎಂದು ಅವರು ನಿಟ್ಟುಸಿರು ಬಿಟ್ಟರು. "ಒಂದು ದಿನವೂ ಎದುರು ಮಾತಾಡಿದವನಲ್ಲ."

ತುಳಸಿದಳ ಅದ್ದಿ ಬಗ್ಗಿದರು. ದೇಯಿ ಅಂಗೈ ಚಾಚಿ ಗಂಡನ ಬಾಯಿ ಮುಚ್ಚಿದಳು.

"ಕೈ ತೆಗೀರಿ ಅತ್ತಿಗೆ," ಬೂಬ ಪಿಸುಗುಟ್ಟಿದ. "ನಿಮ್ಮ ದಮ್ಮಯ್ಯ."

ಅವಳು ತೆಗೆಯಲಿಲ್ಲ. ಅಷ್ಟು ಜನರೆದುರು ಹಿಂದೆ ಸರಿಯಲು ಧಣಿಗಳಿಗೂ ಆಗಲಿಲ್ಲ. ಅವರು ಬಿಟ್ಟ ನೀರು ಅವಳ ಕೈಬೆನ್ನಿನ ಮೇಲೆ ಬಿದ್ದು, ಬೆರಳುಗಳ ಆಚೆ ಜಾರಿ, ಚಾಪೆಗೆ ಇಳಿಯಿತು.