ಹಸಿ ಬೇರಿನ ಸತ್ವ

"ರೀ, ಬಾಯಿ ತೆಗೀರಿ. ಎಲ್ಲಿ, ಆ ಅನ್ನಿ."

ಆತ ಬಾಯಿ ತೆರೆದ. ಬಲಗಡೆಯ ತುಟಿ ಜೋತುಬಿದ್ದಿತ್ತು, ಎಡಗಡೆಯದು ಮಾತ್ರ ಹೇಳಿದ ಮಾತು ಕೇಳುತ್ತಿತ್ತು. ಹೆಂಡತಿ ಬಟ್ಟಲಿನಿಂದ ಒಂದು ಚಮಚ ಬಿಳಿ ಮುದ್ದೆ ಎತ್ತಿ, ಒಳಗೆ ತೂರಿಸಿ, ನಾಲಿಗೆಯ ತುಂಬ ಸವರುವಂತೆ ನಿಧಾನವಾಗಿ ಹೊರಗೆಳೆದಳು.

ಅದು ಚಿಕೋರಿಯ ಹಸಿ ಬೇರು. ಹಿತ್ತಲಲ್ಲಿ ಆತನೇ ಹಾಕಿದ್ದ ಸಾಲಿನಿಂದ ಬೆಳಿಗ್ಗೆ ಕಿತ್ತು, ಮಣ್ಣು ತೊಳೆದು, ಸಿಪ್ಪೆ ಹೆರೆದು, ಮಿಕ್ಸಿಯಲ್ಲಿ ನುಣ್ಣಗೆ ತಿರುವಿದ್ದು. ಪಾರ್ಶ್ವವಾಯು ಹೊಡೆದ ಮನುಷ್ಯನ ಗಂಟಲಲ್ಲಿ ಸಿಕ್ಕಿಕೊಳ್ಳಬಾರದಲ್ಲ! ಅಷ್ಟರ ಮಟ್ಟಿಗೆ ಕಾಳಜಿ ಇತ್ತು ಆಕೆಗೆ.

"ಎಂಥಾ ಸೇವೆ ಕಣ್ರೀ ನಿಮ್ದು," ಎಂದಳು ಕಿಟಕಿಯಾಚೆ ನಿಂತಿದ್ದ ಪಕ್ಕದ ಮನೆ ಟೈಲರಮ್ಮ. "ನಮ್ಮೆಜಮಾನ್ರಿಗೆ ಹೀಗಾಗಿದ್ರೆ ನಾನು ಎರಡೇ ದಿನಕ್ಕೆ ಕೈ ಎತ್ತಿಬಿಡ್ತಿದ್ದೆ."

"ಇವರು ಹೇಳಿಕೊಟ್ಟಿದ್ದನ್ನೇ ಮಾಡ್ತಿದ್ದೀನಿ, ಅಷ್ಟೇ," ಎಂದಳು ಆಕೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆತ ಬೇರು ಹುರಿಯುವ ಕಾರ್ಖಾನೆಯಲ್ಲಿ ಬೇರಿನ ಗುಣ ಪರೀಕ್ಷಿಸುವ ಕೆಲಸದಲ್ಲಿದ್ದವನು. ಲೋಕವೆಲ್ಲ ಅದನ್ನು ಹುರಿದು ಪುಡಿಮಾಡಿ ಕಾಫಿಗೆ ಬೆರೆಸಿ ಕುಡಿಯುತ್ತಿದ್ದರೆ ಈ ಮಹಾನುಭಾವನಿಗೆ ಅದು ಕೊಲೆಗೆ ಸಮ. "ಹುರಿದ್ರೆ ಉಳಿಯೋದು ಬಣ್ಣ, ವಾಸನೆ. ಸತ್ವ ಇರೋದು ಹಸೀದ್ರಲ್ಲಿ. ನಾರು ಎಷ್ಟಿದೆ ಗೊತ್ತಾ? ಇನುಲಿನ್ ಅಂತಾರೆ ಅದಕ್ಕೆ. ಪೊಟ್ಯಾಸಿಯಂ ಇದೆ. ಕೊಬ್ಬು ಹುಡುಕಿದ್ರೂ ಸಿಗಲ್ಲ." ಮದುವೆಮನೆಯಾದರೂ ಇದೇ ಪಾಠ, ಸಾವಿನ ಮನೆಯಾದರೂ ಇದೇ. ಬೀದಿಯವರು ಬೇರು ಸಾಹೇಬ ಅಂತ ಹೆಸರಿಟ್ಟು ನಕ್ಕು ಮುಗಿಸಿದರು. ನಗಲಾರದವರು ಮನೆಯೊಳಗಿದ್ದರು. ಹೊಟ್ಟೆ ಉಬ್ಬರಿಸಿ ಗಾಳಿ ಕಟ್ಟಿಕೊಂಡು ಒದ್ದಾಡಿದರೆ, "ಗಾಳಿ ಬಂತು ಅಂದ್ರೆ ನಾರು ಕೆಲಸ ಮಾಡ್ತಿದೆ ಅಂತ ಅರ್ಥ," ಎನ್ನುತ್ತಿದ್ದ. ಬೇರು ತಿನ್ನದವರಿಗೆ ಆ ಹೊತ್ತಿನ ಊಟವೂ ಇಲ್ಲ.

ಮದುವೆಯಾಗಿ ಬಂದ ಮೊದಲ ಬೆಳಿಗ್ಗೆಯೇ ಆಕೆಯ ಕೈಗೆ ಹಸಿ ಬೇರಿನ ಒಂದು ಬಿಲ್ಲೆ ಕೊಟ್ಟಿದ್ದ. ಅದರ ಕಹಿಗೆ ಕಣ್ಣಲ್ಲಿ ನೀರು ತುಂಬಿಕೊಂಡು ನುಂಗಿದ್ದಳು. ಆತ ಎರಡು ಬೆರಳಿನಿಂದ ಕೆನ್ನೆ ತಟ್ಟಿ, "ಜಾಣೆ," ಎಂದಿದ್ದ. ನಾಯಿಮರಿಯ ಬೆನ್ನು ತಟ್ಟುವ ಹಾಗೆ. ಕೂದಲು ನೆರೆತರೂ ಆ ತಟ್ಟುವಿಕೆ ತಪ್ಪಲಿಲ್ಲ. ಹೋಗಲಿ, ಅದನ್ನೂ ನುಂಗಿಕೊಂಡಳು.

ನುಂಗಲಾಗದ್ದು ತನ್ನ ತಾಯಿಗೆ ಆದದ್ದು. ಆ ಮುದುಕಿಯ ಕೊನೆಗಾಲ ಇದೇ ಕೋಣೆಯಲ್ಲಿ, ಇದೇ ಮಂಚದ ಮೇಲೆ ಕಳೆಯಿತು. ಡಾಕ್ಟರು ಕೈಚೆಲ್ಲಿ, "ಕೇಳಿದ್ದು ಕೊಡಿ, ಇನ್ನೇನು ಪಥ್ಯ," ಎಂದಿದ್ದರು. ಮುದುಕಿ ಕೇಳಿದ್ದಾದರೂ ಏನು ಮಹಾ? "ಮಗಾ, ಸಕ್ಕರೆ ಹಾಕಿದ ಹಾಲು ಒಂದು ಗುಟುಕು ಕೊಡೇ." ಸಕ್ಕರೆಯನ್ನು ಆತ ಹೊಸ್ತಿಲು ದಾಟಲು ಬಿಟ್ಟವನಲ್ಲ. "ಸಕ್ಕರೇಲಿ ಏನು ಮಣ್ಣಿದೆ ಅತ್ತೆ? ಇದು ತಿನ್ನಿ, ಶಕ್ತಿ ಬರುತ್ತೆ," ಎಂದು ತಾನೇ ಪಕ್ಕದಲ್ಲಿ ಕುಳಿತು ಬೇರಿನ ಮುದ್ದೆ ತಿನ್ನಿಸಿದ. ಮುದುಕಿ ಅಳಿಯನಿಗೆ ಬೇಡವೆನ್ನಲಾರದೆ ನುಂಗಿದಳು. ಟೈಲರಮ್ಮನ ಮನೆಯಿಂದ ಒಂದು ಹಿಡಿ ಸಕ್ಕರೆ ತರುವ ಧೈರ್ಯ ಮಗಳಿಗೆ ಬರಲಿಲ್ಲ. ಆ ಸಂಜೆಯೇ ಜೀವ ಹೋಯಿತು. ಮುಖ ಒರೆಸುವಾಗ ತುಟಿಯ ಮೇಲೆ ಬಿಳಿ ಮುದ್ದೆ ಇನ್ನೂ ಅಂಟಿಕೊಂಡಿತ್ತು.

ಆತನಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತು, ಆಸ್ಪತ್ರೆಯಿಂದ ಕರೆತಂದು ಇದೇ ಮಂಚದ ಮೇಲೆ ಮಲಗಿಸಿದ ಮರುದಿನ ಆಕೆ ಮೊದಲು ಮಾಡಿದ ಕೆಲಸ ಸಕ್ಕರೆ ತಂದದ್ದು. ಆತನ ಎದುರಿಗೇ ಕುಳಿತು ಸಿಹಿ ಕಾಫಿ ಕುಡಿಯುತ್ತಾಳೆ. ಆತನಿಗೆ ಮೂರು ಹೊತ್ತೂ ಬೇರು. ಚಮಚಕ್ಕೊಂದು ಪಾಠ: "ನಾರು ಎಷ್ಟಿದೆ ಗೊತ್ತಾ ರೀ? ಕೊಬ್ಬು ಹುಡುಕಿದ್ರೂ ಸಿಗಲ್ಲ." ಬಲಗಣ್ಣಿನಿಂದ ನೀರು ಇಳಿಯುತ್ತದೆ. ಅಳಲಿ, ಚೆನ್ನಾಗಿ ಅಳಲಿ. ಮಾಡಿದ್ದುಣ್ಣೋ ಮಹಾರಾಯ ಅಂತ ಸುಮ್ಮನೆ ಹೇಳಿದ್ದಾರೆಯೇ? ಆ ನೀರನ್ನು ಒರೆಸುವಾಗ ಆಕೆಯ ಹೊಟ್ಟೆ ತಣ್ಣಗಾಗುತ್ತಿತ್ತು.

ಅಂದು ರಜೆಗೆ ಬಂದಿದ್ದ ಮಗಳು ಬಟ್ಟಲಿನ ಅಂಚಿಗೆ ಬೆರಳಿಟ್ಟು ನೆಕ್ಕಿ ಮುಖ ಕಿವುಚಿದಳು. "ಥೂ! ಇದಕ್ಕೆ ಏನೂ ಬೆರೆಸಿಲ್ವಾ? ಮೆತ್ತಗಿರೋದು ಏನು ಬೇಕಾದ್ರೂ ಕೊಡಿ ಅಂದಿದ್ರಲ್ಲಮ್ಮ ಡಾಕ್ಟ್ರು."

"ಅವರಿಗೆ ಇದೇ ಒಳ್ಳೇದು."

ಮಗಳು ತಾಯಿಯ ಮುಖವನ್ನೇ ನೋಡಿದಳು. "ಅಜ್ಜಿಗೆ ಮಾಡಿದ್ದಕ್ಕೆ ಸಿಟ್ಟು ತೀರಿಸ್ಕೊಳ್ತಿದ್ದೀಯಾ?"

ಆಕೆ ಚಮಚ ಒರೆಸುತ್ತ ಕುಳಿತಳು.

"ನಂಗೂ ಅವರ ಮೇಲೆ ಸಿಟ್ಟಿದೆ. ನಾನೂ ಇದನ್ನ ತಿಂದೇ ಬೆಳೆದೋಳು ತಾನೆ? ಆದ್ರೆ ಮಲಗಿರೋರನ್ನ ಹೊಡೆಯೋದು ಯಾವ ದೊಡ್ಡಸ್ತಿಕೆ ಅಮ್ಮ? ಅಜ್ಜಿ ಇದ್ದಿದ್ರೆ ಮೊದಲು ನಿನಗೇ ಬಯ್ತಿದ್ಲು."

ಹೌದು, ಬಯ್ಯುತ್ತಿದ್ದಳು. ಒಂದು ಗುಟುಕು ಸಿಹಿಗಾಗಿ ಬಾಯಿ ಬಿಟ್ಟು ಕಾದ ಜೀವ ಅದು. ಇನ್ನೊಬ್ಬರ ಬಾಯಿಗೆ ಅದನ್ನು ತಪ್ಪಿಸು ಎಂದು ಹೇಳುತ್ತಿರಲಿಲ್ಲ. ಆಕೆಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಎದ್ದುಹೋಗಿ ಬ್ರೆಡ್ಡಿನ ತಿರುಳನ್ನು ಹಾಲಿನಲ್ಲಿ ನೆನೆಸಿ, ಎರಡು ಚಮಚ ಸಕ್ಕರೆ ಸುರಿದು ಕಿವುಚಿದಳು. ಇನ್ನೂ ಅರ್ಧ ಚಮಚ ಹಾಕಿದಳು. ತಾಯಿಯ ಪಾಲಿನದೂ ಇರಲಿ ಎನ್ನಿಸಿತು. ಬಹಳ ದಿನಗಳ ಮೇಲೆ ಎದೆ ಹಗುರವಾಗಿತ್ತು.

"ರೀ, ಇವತ್ತು ಸಿಹಿ," ಎಂದಳು. ದನಿ ತನ್ನಷ್ಟಕ್ಕೆ ಮೆತ್ತಗಾಗಿತ್ತು.

ಚಮಚ ನಾಲಿಗೆಗೆ ತಾಗಿದ್ದೇ ತಡ, ಆತ ಉಗುಳಿದ. ಹಾಲು ಗಲ್ಲದಿಂದ ಕುತ್ತಿಗೆಗೆ ಇಳಿಯಿತು. ಮತ್ತೆ ಕೊಡಹೋದರೆ ತುಟಿ ಬಿಗಿದ. ಸ್ವಾಧೀನವಿದ್ದ ಎಡಗೈಯನ್ನು ಚಾಚಿ, ಪಕ್ಕದಲ್ಲಿದ್ದ ಬೇರಿನ ಬಟ್ಟಲೊಳಕ್ಕೇ ಬೆರಳದ್ದಿದ.

"ಅಯ್ಯೋ, ಅದೇ ಬೇಕಂತೆ!" ಮಗಳು ನಕ್ಕಳು.

"ಅದನ್ನ ತಿನ್ನುವಾಗ ಅಳ್ತಾರಲ್ಲೇ..."

"ಅಳೋದಲ್ಲಮ್ಮ ಅದು. ಆ ಕಡೆ ಕಣ್ಣು ಸುಮ್ನೆ ಸೋರ್ತಿರುತ್ತೆ. ಡಾಕ್ಟ್ರು ಆಸ್ಪತ್ರೇಲೇ ಹೇಳಿದ್ರು."

ಆಕೆ ಬೇರಿನ ಮುದ್ದೆಯನ್ನು ಕೊಟ್ಟಳು. ಆತ ಬಾಯಿಯಲ್ಲಿ ಆಚೆಯಿಂದ ಈಚೆಗೆ ಹೊರಳಿಸಿ, ಚಪ್ಪರಿಸಿ, ನುಂಗಿದ. ಸೊಟ್ಟ ಮುಖದ ಸರಿಯಿದ್ದ ಅರ್ಧದಲ್ಲಿ ತೃಪ್ತಿ ತುಂಬಿತ್ತು. ಹಟಮಾರಿ ಹೆಂಡತಿ ಕೊನೆಗೂ ದಾರಿಗೆ ಬಂದಳು, ಮೂರು ಹೊತ್ತೂ ತಾನಾಗಿಯೇ ಮಾಡಿ ತಿನ್ನಿಸುತ್ತಿದ್ದಾಳೆ, ಪಾಠವನ್ನೂ ತಪ್ಪಿಲ್ಲದೆ ಒಪ್ಪಿಸುತ್ತಿದ್ದಾಳೆ ಎಂಬ ತೃಪ್ತಿ. ಎಡಗೈ ಮೇಲೆದ್ದಿತು. ಎರಡು ಬೆರಳು ಆಕೆಯ ಕೆನ್ನೆಯನ್ನು ತಟ್ಟಿದವು.

"ಜಾ... ಣೆ."

"ಅಮ್ಮಾ! ಅಪ್ಪ ಮಾತಾಡಿದ್ರು!" ಮಗಳು ಟೈಲರಮ್ಮನನ್ನು ಕೂಗುತ್ತ ಕಿಟಕಿಗೆ ಓಡಿದಳು.

ಆಕೆ ಚಮಚ ಹಿಡಿದು ಕುಳಿತೇ ಇದ್ದಳು. ಆತ ಇನ್ನೊಂದು ತುತ್ತಿಗಾಗಿ ಬಾಯಿ ತೆರೆದ. ಆಕೆಯ ಕೆನ್ನೆಯ ಮೇಲೆ ಬಿಳಿ ಮುದ್ದೆ ಅಂಟಿಕೊಂಡಿತ್ತು.