ರಾಟೆ ಮರಳಿಸಿದ ಕುಬೇರಪ್ಪನವರು

ಕುಬೇರಪ್ಪನವರು ನೀರು ಕುಡಿಯುವುದನ್ನು ಮೊದಲ ಸಲ ಕಂಡವರಿಗೆ ನಗು ಬರುತ್ತಿತ್ತು. ತಂಬಿಗೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಒಳಗೆಲ್ಲ ಇಣುಕಿ ನೋಡಿ, ಆಮೇಲೆಯೇ ಒಂದು ಗುಟುಕು. ಬೀಗರ ಮನೆಯ ನೀರನ್ನೂ ಬಿಡುತ್ತಿರಲಿಲ್ಲ. "ನೀರಾಗ ನಿನ್ನ ಮಾರಿ ಭಾಳ ಚಂದ ಕಾಣತೈತೇನೋ?" ಎಂದು ಓರಗೆಯವರು ಕೆಣಕಿದರೆ, "ಕಾಣಲಾರದ್ದನ್ನ ಹುಡುಕಾಕತ್ತೇನಿ, ಹೌದಿಲ್ಲೋ?" ಎನ್ನುತ್ತಿದ್ದರು. ಪ್ರತಿ ಮಾತಿನ ತುದಿಗೂ ಆ "ಹೌದಿಲ್ಲೋ" ಇರಲೇಬೇಕು. ಉತ್ತರಕ್ಕೆ ಮಾತ್ರ ಅವರು ಕಾಯುತ್ತಿರಲಿಲ್ಲ. ಅವರಿಗೆ ಎಂಟು ವರ್ಷವಾಗಿದ್ದಾಗ ತಾಯಿಯೂ ಇಬ್ಬರು ಅಕ್ಕಂದಿರೂ ಒಂದೇ ವಾರದಲ್ಲಿ ವಾಂತಿಭೇದಿಯಿಂದ ಹೋದರಂತೆ. ಇದನ್ನು ಅವರ ಹೆಂಡತಿ ಗುತ್ತೆವ್ವ ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ, ಎಲ್ಲವೂ ಮುಗಿದ ಮೇಲೆ.

ಹಿರೇಬೆಂಡಿಗೇರಿಯಿಂದ ಒಂದು ಹರದಾರಿ ದೂರದ ನಮ್ಮ ಹಳ್ಳಿಗೆ ಪಂಚಾಯಿತಿ ಬಂದಾಗ ಅವರನ್ನೇ ಸರಪಂಚರನ್ನಾಗಿ ಮಾಡಿದರು. ಅಂದಿನಿಂದ ಅವರ ಮೈಮೇಲೆ ಒಂದು ಕರಿಯ ಕೋಟು ಬಂತು. ಅದಕ್ಕಿದ್ದುದು ಒಂದೇ ಗುಂಡಿ. ಹೊಲಕ್ಕಾಗಲಿ ಮದುವೆಗಾಗಲಿ ಅದನ್ನು ತೊಟ್ಟವರಲ್ಲ. ಊರ ಕೆಲಸಕ್ಕೆ ಹೊರಟಾಗ ಮಾತ್ರ ತೊಟ್ಟು, ದಾರಿಯ ನಡುವನ್ನು ಬಿಟ್ಟು ಅಂಚಿನಲ್ಲೇ ಎಡಗಾಲು ಎಳೆಯುತ್ತ ನಡೆಯುತ್ತಿದ್ದರು.

ಮೂವತ್ತೆಂಟನೆಯ ಇಸವಿಯ ಶ್ರಾವಣ ಅದು. ಹಿಂದಿನ ತಿಂಗಳ ಮಳೆಗೆ ಓಣಿಯ ಹೊಲಸೆಲ್ಲ ಹರಿದು ಬಸವಣ್ಣನ ಗುಡಿಯ ಮುಂದಿನ ಬಾವಿಗೆ ಇಳಿದಿತ್ತು. ಆ ನೀರು ಕುಡಿಯುವ ಮನೆಗಳಲ್ಲಿ ಮೂವರು ವಾಂತಿಭೇದಿಯಿಂದ ತೀರಿಕೊಂಡರು. ಮೂರನೆಯ ಹೆಣ ಮಣ್ಣಿಗೆ ಹೋದ ದಿನವೇ ಕುಬೇರಪ್ಪನವರು ಕೋಟು ತೊಟ್ಟು ಬಂದು, ಬಾವಿಯ ಸುತ್ತ ಜಾಲಿಯ ಮುಳ್ಳು ಬಡಿಸಿ, ಕಬ್ಬಿಣದ ರಾಟೆಯನ್ನು ಬಿಚ್ಚಿ ಹೆಗಲಿಗೇರಿಸಿ ಮನೆಗೆ ಒಯ್ದರು. ಆ ಆಳದ ಬಾವಿಯಿಂದ ರಾಟೆಯಿಲ್ಲದೆ ಕೊಡ ಮೇಲೆ ಬರುವಂತಿರಲಿಲ್ಲ. ಬಾವಿಗೆ ಕೆಂಪು ಔಷಧ ಹಾಕುವವನು ನಾಲ್ಕಾರು ಹಳ್ಳಿ ಮುಗಿಸಿಕೊಂಡು ಬರಬೇಕು. ಅಲ್ಲಿಯವರೆಗೆ ಒಂದು ಮೈಲಿಯಾಚೆಯ ಹಳ್ಳದಲ್ಲಿ ಉಸುಕು ತೋಡಿ, ವರತೆಯ ನೀರು ತರಬೇಕೆಂದು ಡಂಗುರ ಸಾರಿಸಿದರು.

ಆದರೆ ಅದು ದೇವರ ಬಾವಿ. ಶ್ರಾವಣವಿಡೀ ಬಸವಣ್ಣನಿಗೆ ಎರೆಯುವುದು ಅದರ ನೀರನ್ನೇ. ಅದು ಕೆಡುವುದುಂಟೆ? ಪಂಚರಲ್ಲೊಬ್ಬರಾದ ಪರಮೇಶ್ವರಪ್ಪನವರು ಗುಡಿಯ ಕಟ್ಟೆಯ ಮೇಲೆ ಎಲ್ಲರೆದುರು ಕೇಳಿದರು: "ದೇವರ ಮೈ ಒಣಗಿ ನಿಂತೈತಿ. ಶ್ರಾವಣದಾಗ ಎಂದರ ಹಿಂಗ ಆಗಿತ್ತೇನ್ರಿ?"

"ದೇವರು ತಡಕೊಂತಾನ, ಕೂಸು ತಡಕೊಳ್ಳೂದಿಲ್ಲ. ಹೌದಿಲ್ಲೋ?"

ಆ ಮಾತೇ ಮುಳುವಾಯಿತು. ಸರಪಂಚ ದೇವರಿಗೇ ಎದುರಾಡಿದ ಎಂದು ಓಣಿ ಓಣಿ ಹಬ್ಬಿತು. ಅವರನ್ನು ಆ ಪದವಿಯಿಂದ ಇಳಿಸುವ ಠರಾವಿಗೆ ದಿನ ಗೊತ್ತಾಯಿತು. ಏಳು ಪಂಚರಲ್ಲಿ ಐವರು ಕೈ ಎತ್ತಬೇಕು. ಪರಮೇಶ್ವರಪ್ಪನವರ ಕಡೆ ನಾಲ್ಕು ಕೈಗಳಿದ್ದವು. ಐದನೆಯದಕ್ಕೆ ಎಲ್ಲರೂ ನೋಡುತ್ತಿದ್ದುದು ಸವಣೂರಿನ ವೀಳ್ಯದೆಲೆ ತಂದು ಮಾರುವ ಕರೀಮಸಾಬರ ಕಡೆಗೆ. ಅವರು ಕುಬೇರಪ್ಪನವರ ಜೀವದ ಗೆಳೆಯರು. ಆದರೆ ಎಂಟು ತಿಂಗಳ ಬಸುರಿ ಹೆಂಡತಿ ಮರಿಯಮಬಿ ದಿನಕ್ಕೆ ಮೂರು ಸಲ ಕೊಡ ಹೊತ್ತು ಹಳ್ಳದ ದಿಬ್ಬ ಏರುವುದನ್ನು ಅವರು ಕಾಣುತ್ತಿದ್ದರು; ಠರಾವಿನ ಮುಂಜಾನೆ ಆಕೆ ಕೆಸರಲ್ಲಿ ಜಾರಿ ಬಿದ್ದಿದ್ದಳು.

ಚಾವಡಿಯಲ್ಲಿ ತಾಲೂಕಿನ ಕಾರಕೂನ ಠರಾವು ಓದಿದ. ನಾಲ್ಕು ಕೈಗಳು ಒಮ್ಮೆಗೇ ಎದ್ದವು. ಕರೀಮಸಾಬರ ಕೈ ತೊಡೆಯ ಮೇಲೇ ಇತ್ತು. ಕೊನೆಗೆ ಅವರು ತಲೆ ಬಗ್ಗಿಸಿ ಅದನ್ನು ಮೊಣಕೈಯವರೆಗೆ ಮಾತ್ರ ಎತ್ತಿದರು.

"ಪೂರಾ ಎತ್ತು ಕರೀಮಣ್ಣ. ಎಣಸಾವರಿಗೆ ಕಾಣಬೇಕು, ಹೌದಿಲ್ಲೋ?" ಎಂದರು ಕುಬೇರಪ್ಪನವರು.

ಕೈ ಪೂರಾ ಎದ್ದಿತು. ಅವರು ಅಲ್ಲಿಯೇ ಕೋಟು ಕಳಚಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದರು. ರಾಟೆಯನ್ನು ಹೊರಗೆ ತೆಗೆದಾಗ ಗುತ್ತೆವ್ವ ಬಾಗಿಲಿಗೆ ಅಡ್ಡ ನಿಂತಳು.

"ಹಳ್ಳದ ಮಡುವಿಗೆ ಒಗದು ಬರ್ರಿ. ಕಳದೋತು ಅಂತ ಹೇಳ್ರಿ. ಯಾರ ಏನ್ ಮಾಡ್ತಾರ?"

"ಸರಪಂಚ ಇದ್ದಾಗ ತಂದಿದ್ದೆ. ಈಗ ಇಟ್ಕೊಂಡ್ರ ಕಳವು ಆಕೈತಿ, ಹೌದಿಲ್ಲೋ?"

"ಕಳ್ಳ ಅನ್ಲಿ ಬಿಡ್ರಿ! ಮಂದಿ ಉಳೀಲಿ!"

ಅವರು ಆಕೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಹೊರಟರು. ಮುಳ್ಳನ್ನು ಊರವರು ಆಗಲೇ ಕಿತ್ತಿದ್ದರು. ರಾಟೆ ಕೂರಿಸುವ ಹದ ಬೇರೆ ಯಾರಿಗೂ ಬಾರದ್ದರಿಂದ, ಅಚ್ಚಿಗೆ ಎಣ್ಣೆ ಬಿಟ್ಟು ಅವರೇ ಕೂರಿಸಿ ಕೊಟ್ಟರು. ಮೊದಲ ಕೊಡ ಬಸವಣ್ಣನಿಗೆ ಹೋಯಿತು. ಎರಡನೆಯದು ಕರೀಮಸಾಬರ ಮನೆಗೆ.

ಔಷಧದವನು ಬಂದದ್ದು ಒಂಬತ್ತನೆಯ ದಿನ. ಅಷ್ಟರಲ್ಲಿ ಇಪ್ಪತ್ಮೂರು ಮಂದಿ ಹೋಗಿದ್ದರು. ಕರೀಮಸಾಬರು ಮೂರನೆಯ ದಿನವೇ ಹೋದರು. ಅವರ ಗುಂಡಿ ತೋಡಲು ಮೊದಲು ಸನಿಕೆ ಹಿಡಿದವರು ಕುಬೇರಪ್ಪನವರು. ಇವರ ಮನೆಯಲ್ಲಿ ಮಾತ್ರ ಇನ್ನೂ ವರತೆಯ ನೀರೇ ಕುಡಿಯುತ್ತಿದ್ದರು, ಯಾರಿಗೂ ಏನೂ ಆಗಲಿಲ್ಲ. ಊರು ಅದನ್ನೂ ನೆನಪಿಟ್ಟುಕೊಂಡಿತು. ಕೈ ಎತ್ತಿ ಬದುಕುಳಿದವರೇ ಕಟ್ಟೆಯ ಮೇಲೆ ಕೂತು ಹೇಳತೊಡಗಿದರು: "ಅವಗ ಎಲ್ಲಾ ಗೊತ್ತಿತ್ತು. ಗೊತ್ತಿದ್ದೂ ರಾಟಿ ಕೊಟ್ಟ ನೋಡ್ರಿ."

ಕರೀಮಸಾಬರ ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲೆ, ಕೂಸನ್ನು ಮಡಿಲಲ್ಲಿ ಹಾಕಿಕೊಂಡಿದ್ದ ಮರಿಯಮಬಿಯೂ ಅದನ್ನೇ ಕೇಳಿದಳು. ಆಕೆ ಬೈಯಲಿಲ್ಲ.

"ಅಣ್ಣಾ, ರಾಟಿ ಯಾಕ ಕೊಟ್ರಿ?"

"ಊರು ಕೇಳ್ತವ್ವ. ಕೊಟ್ಟೆ."

ಆ ಮಾತಿನ ತುದಿಗೆ "ಹೌದಿಲ್ಲೋ" ಇರಲಿಲ್ಲ. ಆಮೇಲೆ ಬದುಕಿದ್ದ ಎಂಟು ವರ್ಷ ಯಾವ ಮಾತಿಗೂ ಇರಲಿಲ್ಲವೆಂದು ಗುತ್ತೆವ್ವ ಹೇಳಿದಳು. ಮತ್ತೆ ಸರಪಂಚರಾಗಿ ಎಂದು ಕೇಳಲು ಬಂದವರಿಗೆ ಅವರು ಒಂದು ತಂಬಿಗೆ ನೀರು ಕೊಟ್ಟು ಕಳಿಸಿದರಂತೆ.

ಅವರು ಮಾಡಿದ್ದು ಪುಣ್ಯವೋ ಪಾಪವೋ ದೇವರೇ ಬಲ್ಲ. ದಿನವೂ ಕೇಳುತ್ತೇನೆ, ಅವನು ಇನ್ನೂ ಹೇಳಿಲ್ಲ. ಇಂಥವರು ಅಧಿಕಾರ ಇರುವತನಕ ಊರಿಗೆ ಅಂಜುವುದಿಲ್ಲ, ಅದು ಹೋದ ಮೇಲೆ ಊರನ್ನು ಮೀರುವುದಿಲ್ಲ. ಒಂದು ಸುಳ್ಳು ಹೇಳಿ ಜನರನ್ನು ಉಳಿಸುವ ಗಳಿಗೆ ಬಂದರೂ ಆ ಸುಳ್ಳು ಅವರ ನಾಲಿಗೆಗೆ ಬರುವುದಿಲ್ಲ. ಎತ್ತಿದ ಕೈಗಳನ್ನು ಊರು ಬೇಗ ಮರೆಯುತ್ತದೆ. ಆ ಕೈಗಳಿಗೆ ತಲೆಬಾಗಿದವನನ್ನು ಮಾತ್ರ ಮರೆಯುವುದಿಲ್ಲ, ಕ್ಷಮಿಸುವುದೂ ಇಲ್ಲ.