ಬೆಟರ್‌ಗಿಂತ ಮೊದಲು ಮಚ್

ಬಂಕಾಪುರದ ಕಿರಾಣಿ ಅಂಗಡಿಯ ಕರಿಬಸಪ್ಪನ ಮಗ ನಾಗಪ್ಪ ಧಾರವಾಡದ ಕಾಲೇಜನ್ನು ಅರ್ಧಕ್ಕೆ ಬಿಟ್ಟು ಊರಿಗೆ ಬಂದದ್ದು ೧೯೫೮ರಲ್ಲಿ, ಕ್ಷಯ ಹಿಡಿದು. ಪಡಸಾಲೆಯ ಹೊರಸಿನ ಮೇಲೆ ಮಲಗಿದವನಿಗೆ ಉಳಿದದ್ದು ಒಂದೇ ಕೆಲಸ: ಮ್ಯಾಟ್ರಿಕ್ ಪರೀಕ್ಷೆಗೆ ಕೂಡಲಿದ್ದ ತಂಗಿ ಮಾದೇವಿಗೆ ಇಂಗ್ಲಿಷ್ ಕಲಿಸುವುದು. ಅವಳು ಹೊಸ್ತಿಲ ಹತ್ತಿರವೇ ಕೂಡಬೇಕು, ಒಳಗೆ ಬರಕೂಡದು ಎಂಬುದು ಅವನದೇ ಕಟ್ಟಪ್ಪಣೆ.

ಮಾದೇವಿ ಎಷ್ಟು ತಿದ್ದಿದರೂ ‘ವೆರಿ ಬೆಟರ್’ ಎನ್ನುತ್ತಿದ್ದಳು.

“ವೆರಿ ಗುಡ್ ಅನ್ನು, ನಡೀತೈತಿ. ಒಂದಕ್ಕ ಇನ್ನೊಂದು ಹೋಲಿಸಿದಿ ಅಂದ್ರ ವೆರಿ ಬರಂಗಿಲ್ಲ. ಮಚ್ ಬೆಟರ್, ಫಾರ್ ಬೆಟರ್. ಒತ್ತು ಕೊಡೋ ಮಾತು ಬೆಟರ್‌ಗಿಂತ ಮೊದಲ ಬರಬೇಕು.”

“ಕೆಟ್ಟದ್ದಕ್ಕೋ ಅಣ್ಣಾ?”

“ಅದಕ್ಕೂ ಹಂಗ. ಮಚ್ ವರ್ಸ್, ಫಾರ್ ವರ್ಸ್. ಮೊದಲಿಗಿಂತ ಭಾಳ ಕೆಟ್ಟೈತಿ ಅಂತ.”

ದೀಪಾವಳಿ ಮುಗಿದ ಮೇಲೆ ಹುಬ್ಬಳ್ಳಿಯ ಡಾಕ್ಟರು ಮತ್ತೊಮ್ಮೆ ಬಂದರು. ಎದೆ ನೋಡಿ ಹೊರಗೆ ಬಂದವರು, ಮನೆಯವರಿಗೆ ತಿಳಿಯಬಾರದೆಂದು ಕಂಪೌಂಡರನಿಗೆ ಇಂಗ್ಲಿಷಿನಲ್ಲಿ ಹೇಳಿದರು: “ಮಚ್ ವರ್ಸ್. ಫಾರ್ ವರ್ಸ್ ದ್ಯಾನ್ ಲಾಸ್ಟ್ ಮಂತ್.”

ಬಾಗಿಲಲ್ಲಿ ನಿಂತಿದ್ದ ಮಾದೇವಿಗೆ ಒಂದೊಂದು ಶಬ್ದವೂ ತಿಳಿಯಿತು. ನಾಗಪ್ಪನಿಗೂ ಕೇಳಿಸಿತ್ತು, ಅವಳನ್ನೇ ನೋಡುತ್ತಿದ್ದ.

“ಏನಂದ್ರವಾ ಅವ್ರು?” ತಾಯಿ ವೀರವ್ವ ಕೇಳಿದಳು.

ನಾಗಪ್ಪ ಬೇಡವೆಂದು ಸಣ್ಣಗೆ ತಲೆಯಾಡಿಸಿದ.

“ಮೊದಲಿಗಿಂತ ಭಾಳ ಆರಾಮ ಅದಾನಂತ, ಯವ್ವಾ.”

ವೀರವ್ವ ದೇವರ ಜಗಲಿಗೆ ದೀಪ ಹಚ್ಚಲು ಎದ್ದಳು. ಮಾದೇವಿ ಕೊಡ ತೆಗೆದುಕೊಂಡು ಬಾವಿಗೆ ಹೋಗಿ, ಅಲ್ಲೇ ಕುಳಿತು ಅತ್ತಳು.

ಅಕ್ಕ ಸುಶೀಲವ್ವನನ್ನು ಮಾಸೂರಿಗೆ ಕೊಟ್ಟಿದ್ದರು. ಸವಣೂರಿನ ಎಲೆ ವ್ಯಾಪಾರಿ ಖಾದರಸಾಬ ಆ ಕಡೆ ಹೋಗಿಬರುವವನು. ಒಂದು ದಿನ ಅಂಗಳದಲ್ಲಿ ನಿಂತು ಕೇಳಿದ: “ನಿಮ್ಮ ಅಕ್ಕಾರು ಕೇಳಿ ಕಳಿಸ್ಯಾರ. ಭತ್ತದ ಕೊಯ್ಲು ನಡದೈತಿ, ಬಿಟ್ಟು ಬರಬೇಕೇನು ಅಂತ.”

ವೀರವ್ವ ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದಳು.

“ಅವಸರ ಇಲ್ರಿ. ಕೊಯ್ಲು ಮುಗಿಸಿಕೊಂಡ ಬರಾಕ ಹೇಳ್ರಿ,” ಎಂದಳು ಮಾದೇವಿ.

ಕೊಯ್ಲು ಮುಗಿಯುವ ಮೊದಲೇ ನಾಗಪ್ಪ ತೀರಿಕೊಂಡ. ಸುಶೀಲವ್ವ ಬಂದು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಅವಳು ಖಾಲಿ ಹೊರಸಿನ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕುಳಿತಳು. ಆಮೇಲೆ ತಂಗಿಯನ್ನು ಹಿತ್ತಲಿಗೆ ಕರೆದಳು.

“ಡಾಕ್ಟರು ಏನಂದಿದ್ರು? ಖರೇ ಹೇಳು.”

ಮಾದೇವಿ ಇದ್ದದ್ದನ್ನು ಹೇಳಿದಳು. “ಅವ್ವಗ ಹೇಳಬ್ಯಾಡಂತ ಅಣ್ಣ ಸನ್ನೆ ಮಾಡಿದ, ಅಕ್ಕಾ.”

“ಅವ್ವಗ ಬ್ಯಾಡ ಅಂದ. ನನಗೂ ಬ್ಯಾಡ ಅಂದಿದ್ನೇನ?”

ಮಾದೇವಿ ಅಕ್ಕನ ಕಾಲು ಹಿಡಿಯಲು ಬಗ್ಗಿದಳು. ಸುಶೀಲವ್ವ ಬೈಯಲೂ ಇಲ್ಲ, ಎಬ್ಬಿಸಲೂ ಇಲ್ಲ. ಒಳಗೆ ಹೋದಳು.

ಆ ವರ್ಷ ಮಾದೇವಿ ಪರೀಕ್ಷೆಗೆ ಕೂಡಲಿಲ್ಲ. ಮರುವರ್ಷ ಪಾಸಾದಳು, ಮುಂದೆ ಹಾನಗಲ್ಲಿನಲ್ಲಿ ಶಿಕ್ಷಕಿಯಾದಳು. ತವರಿಗೆ ಬಂದಾಗಲೆಲ್ಲ ಸುಶೀಲವ್ವ ಅವಳೊಡನೆ ಮಾತಾಡುತ್ತಿದ್ದಳು, ಅವಳ ತಲೆ ಬಾಚುತ್ತಿದ್ದಳು. ಆದರೆ ಮನೆಯಲ್ಲಿ ಯಾರಿಗೆ ಜ್ವರ ಬಂತೆಂದರೂ ಹೇಗಿದ್ದಾರೆ ಎಂದು ತಂಗಿಯನ್ನು ಕೇಳುತ್ತಿರಲಿಲ್ಲ. ಕೆಲಸ ಬಿಟ್ಟು ತಾನೇ ಬಸ್ಸು ಹತ್ತಿ ಬಂದುಬಿಡುತ್ತಿದ್ದಳು.